ಗೌರವಪಟ್ಟಿಯ ಹೆಸರುಗಳು

ಯುದ್ಧ ಮುಗಿದರೂ ಅದರ ಸಾಲ ಮುಗಿಯುವುದಿಲ್ಲ. ಮೊದಲ ಮಹಾಯುದ್ಧದ ಫಿರಂಗಿಗಳು ಸುಮ್ಮನಾದದ್ದು 1918ರ ನವೆಂಬರಿನಲ್ಲಿ. ಸೈನಿಕರನ್ನು ಮನೆಗೆ ಕರೆತರಲು, ಯುದ್ಧದ ಬಾಕಿ ತೀರಿಸಲು ಅಮೆರಿಕ ಸರಕಾರ 1919ರ ಏಪ್ರಿಲಿನಲ್ಲಿ 450 ಕೋಟಿ ಡಾಲರುಗಳ ‘ವಿಕ್ಟರಿ ಲೋನ್’ ಎತ್ತಲು ಹೊರಟಿತು, ಬಡ್ಡಿ ಶೇ. 4.75. ಬಾಂಡು ಕೊಳ್ಳಿರೆಂದು ಗೋಡೆಗೋಡೆಗೂ ಪೋಸ್ಟರುಗಳು ಬಂದವು.

ಹೋವರ್ಡ್ ಚಾಂಡ್ಲರ್ ಕ್ರಿಸ್ಟಿ ಚಿತ್ರಿಸಿದ ಒಂದರಲ್ಲಿ ತರುಣಿಯೊಬ್ಬಳು ಗೌರವಪಟ್ಟಿಯ ಮೇಲೆ ವಿಜಯಮಾಲೆ ಹಿಡಿದಿದ್ದಾಳೆ. ಪಟ್ಟಿಯಲ್ಲಿ ಸ್ಮಿತ್ ಜೊತೆಗೆ ಓಬ್ರಿಯನ್, ಲೆವಿ, ಕೊವಾಲ್ಸ್ಕಿ, ಗೊನ್ಸಾಲೆಸ್ ಹೆಸರುಗಳಿವೆ. ‘ಎಲ್ಲರೂ ಅಮೆರಿಕನ್ನರೇ!’ ಎಂಬುದು ಅದರ ಘೋಷಣೆ.

ಐದೇ ವರ್ಷ. 1924ರ ವಲಸೆ ಕಾನೂನು ಪೂರ್ವ ಮತ್ತು ದಕ್ಷಿಣ ಯುರೋಪಿನವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಯುದ್ಧಕ್ಕೂ ಸಾಲಕ್ಕೂ ಬೇಕಾಗಿದ್ದ ಕೊವಾಲ್ಸ್ಕಿಯ ಬಂಧುಗಳು ಈಗ ಬೇಡವಾಗಿದ್ದರು. ದೇಶಪ್ರೇಮದ ಲೆಕ್ಕ ಕೇಳುವವರು ಈ ಪಟ್ಟಿಯನ್ನೊಮ್ಮೆ ಓದಬೇಕು.