ವಾಯುಮಾಲಿನ್ಯ ಮತ್ತು ಸ್ಥಳೀಯ ಸಂಸ್ಥೆಗಳು: ಅರಸೀಕೆರೆ, ಬೇಲೂರು, ಹಳೇಬೀಡು

ಗಾಳಿಯ ಮಾಲಿನ್ಯ ಹುಟ್ಟಿದ ಊರಿನಲ್ಲೇ ಉಳಿಯುವುದಿಲ್ಲ. ರಸ್ತೆ ದೂಳಿನ ದಪ್ಪ ಕಣಗಳು ಆಸುಪಾಸಿನಲ್ಲೇ ಬೀಳುತ್ತವೆ. ಆದರೆ ಹೊಗೆಯಲ್ಲಿರುವ, 2.5 ಮೈಕ್ರೋಮೀಟರಿಗಿಂತ ಸಣ್ಣದಾದ ಪಿಎಂ 2.5 ಕಣಗಳು ದಿನಗಟ್ಟಲೆ ತೇಲುತ್ತ ನೂರಾರು ಕಿಲೋಮೀಟರು ಸಾಗಬಲ್ಲವು. ಹೀಗಾಗಿ ಸ್ಥಳೀಯ ಸಂಸ್ಥೆಗಳು ತಮ್ಮ ಸರಹದ್ದಿನ ಹೊಗೆಯನ್ನು ತಡೆಯುವುದರ ಜೊತೆಗೆ ನೆರೆಯ ಊರುಗಳೊಡನೆ ಸೇರಿಯೂ ಕೆಲಸ ಮಾಡಬೇಕಾಗುತ್ತದೆ.

ಹಾಸನ ಜಿಲ್ಲೆಯ ಅರಸೀಕೆರೆ ಬಯಲುಸೀಮೆಯ ಊರು, ರೈಲ್ವೆ ಜಂಕ್ಷನ್, ಕೊಬ್ಬರಿ ಮಾರುಕಟ್ಟೆ. ಬೇಲೂರು ಮಲೆನಾಡಿನ ಸೆರಗಿನಲ್ಲಿದೆ. ಹಳೇಬೀಡು ಇವೆರಡರ ನಡುವೆ ಬರುತ್ತದೆ. ಮುಂಗಾರು ಮಳೆ ಗಾಳಿಯನ್ನು ತೊಳೆಯುತ್ತದೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಲಿಂದ ಬೀಸುತ್ತದೆ; ರಾತ್ರಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತು ಹೊಗೆ ಮೇಲೇಳದಂತಾಗುತ್ತದೆ. ತರಗೆಲೆ, ತೆಂಗಿನ ಸೋಗೆ, ಮುಸುಕಿನ ಜೋಳದ ದಂಟುಗಳಿಗೆ ಬೆಂಕಿ ಬೀಳುವುದೂ ಈ ಒಣ ತಿಂಗಳುಗಳಲ್ಲೇ.

ಕಸ ಸುಡುವುದನ್ನು ನಿಲ್ಲಿಸುವುದು ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇರುವ ಕೆಲಸ. ಕಡಿಮೆ ಖರ್ಚಿನಲ್ಲಿ ಬೇಗ ಫಲ ಕೊಡುವುದೂ ಅದೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಗೆ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡ ಗೊತ್ತುಮಾಡಿತು. ದಂಡವೊಂದರಿಂದಲೇ ಬೆಂಕಿ ಆರುವುದಿಲ್ಲ. ಕಸದ ಗಾಡಿ ದಿನವೂ ಬರದ ಬೀದಿಯಲ್ಲಿ ಜನ ಕಡ್ಡಿ ಗೀರುತ್ತಾರೆ. ಪೌರಕಾರ್ಮಿಕರು ಗುಡಿಸಿದ ಎಲೆಯನ್ನು ಗೊಬ್ಬರದ ಗುಂಡಿಗೆ ಸಾಗಿಸುವ ಏರ್ಪಾಡನ್ನು ನಗರಸಭೆಯೇ ಮಾಡಬೇಕು.

ತೆಂಗಿನ ಸೀಮೆಗೆ ಇನ್ನೊಂದು ಕಷ್ಟವಿದೆ. ತೆಂಗಿನ ಚಿಪ್ಪನ್ನು ಗುಂಡಿಯಲ್ಲೋ ಡ್ರಮ್ಮಿನಲ್ಲೋ ಅರೆಬರೆ ಸುಟ್ಟು ಇದ್ದಿಲು ಮಾಡುವಾಗ ದಟ್ಟ ಹೊಗೆ ಏಳುತ್ತದೆ. ಹೊರಬರುವ ಅನಿಲವನ್ನು ಮತ್ತೆ ಉರಿಸುವ ಮುಚ್ಚಿದ ಗೂಡುಗಳು ಈ ಹೊಗೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ವ್ಯಾಪಾರ ಪರವಾನಗಿ ಕೊಡುವ, ನವೀಕರಿಸುವ ಹೊತ್ತಿನಲ್ಲಿ ಪಂಚಾಯಿತಿ ಇಂಥ ಗೂಡನ್ನು ಕೇಳಬಹುದು. ಮಟ್ಟೆಯನ್ನು ನಾರು ತೆಗೆಯುವ ಘಟಕಗಳಿಗೆ ಕಳಿಸಿದರೆ ಅದೂ ಹೊಗೆಯಾಗದೆ ಉಳಿಯುತ್ತದೆ. 1981ರ ವಾಯು ಕಾಯ್ದೆಯಡಿ ಕಾರ್ಖಾನೆಗಳ ಮೇಲಿನ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕಲ್ಲುಪುಡಿ ಘಟಕಗಳ ಪರವಾನಗಿಗೆ ಪ್ರತ್ಯೇಕ ರಾಜ್ಯ ಕಾಯ್ದೆ 2011ರಿಂದ ಇದೆ. ಈ ವಿಷಯಗಳಲ್ಲಿ ಪಂಚಾಯಿತಿ ಸ್ಥಳ ಪರಿಶೀಲಿಸಿ, ಠರಾವು ಮಾಡಿ, ದೂರನ್ನು ಮೇಲಕ್ಕೆ ಮುಟ್ಟಿಸಬಹುದು.

ಬೇಲೂರು, ಹಳೇಬೀಡುಗಳ ದೇಗುಲಗಳು 2023ರಲ್ಲಿ ಸೋಮನಾಥಪುರದ ದೇಗುಲದೊಡನೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಬಳಪದ ಕಲ್ಲು ತಾಜಮಹಲಿನ ಅಮೃತಶಿಲೆಯಂತೆ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಆದರೂ ಅದು ಮೆದು. ಕೆತ್ತನೆಯ ಸಂದುಗಳಲ್ಲಿ ದೂಳು, ಮಸಿ ಕೂರುತ್ತವೆ, ತಿಕ್ಕಿ ತೊಳೆದರೆ ಕೆತ್ತನೆಯೇ ಸವೆಯುತ್ತದೆ. ಪ್ರವಾಸಿ ಬಸ್ಸುಗಳನ್ನು ದೂರದಲ್ಲೇ ನಿಲ್ಲಿಸುವುದು, ರಸ್ತೆಯ ಅಂಚಿಗೆ ಕಲ್ಲು ಹಾಸುವುದು ಇಲ್ಲಿ ಪರಂಪರೆಯ ರಕ್ಷಣೆಯೂ ಹೌದು. ತಾಜಮಹಲಿಗಾಗಿ ಸುಪ್ರೀಂ ಕೋರ್ಟು 1996ರಲ್ಲಿ 10,400 ಚದರ ಕಿಲೋಮೀಟರಿನ ವಲಯದ ಕಾರ್ಖಾನೆಗಳ ಕಲ್ಲಿದ್ದಲು ಬಳಕೆಗೆ ತಡೆ ಹಾಕಿತ್ತು.

ಇಂಥ ವಲಯದ ಕಲ್ಪನೆಗೆ ಹಾಸನದಲ್ಲೂ ಕಾನೂನಿನ ನೆಲೆಯಿದೆ. ಸಂವಿಧಾನದ 243ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿ ಮತ್ತು ನಗರಸಂಸ್ಥೆಗಳ ಯೋಜನೆಗಳನ್ನು ಒಂದುಗೂಡಿಸಬೇಕು. ಹಾಗೆ ಮಾಡುವಾಗ ಪರಿಸರ ಸಂರಕ್ಷಣೆಯನ್ನೂ ಗಮನಿಸಬೇಕು. ಅರಸೀಕೆರೆ ನಗರಸಭೆ, ಬೇಲೂರು ಪುರಸಭೆ, ಸುತ್ತಲಿನ ಗ್ರಾಮ ಪಂಚಾಯಿತಿಗಳು ಒಂದೇ ಕಡತದಲ್ಲಿ ಕೂಡಲು ಇದೇ ಸರಿಯಾದ ಜಾಗ.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಮಾತ್ರ. ಅದರ ಹಣ ಸಣ್ಣ ಊರುಗಳಿಗೆ ಬರುವುದಿಲ್ಲವಾದ್ದರಿಂದ ಅಳತೆಯನ್ನು ಅಗ್ಗದ ಸಂವೇದಕಗಳಿಂದಲೇ ಆರಂಭಿಸಬೇಕಾಗುತ್ತದೆ. ಪಿಎಂ 2.5ಕ್ಕೆ ಭಾರತದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 5. ಮೂರೂ ಊರುಗಳಲ್ಲಿ ಒಂದೇ ಹೊತ್ತಿಗೆ ಅಂಕಿ ಏರಿದರೆ ಹೊಗೆ ಹೊರಗಿನಿಂದ ಬಂದಿರುವ ಸಂಭವ ಹೆಚ್ಚು, ಒಂದೇ ಊರಿನಲ್ಲಿ ಏರಿದರೆ ಮೂಲವನ್ನು ಅಲ್ಲೇ ಹುಡುಕಬೇಕು.