ಉಡುವುದೂ ತೊಡುವುದೂ

1882ನೆಯ ಇಸವಿಯಲ್ಲಿ ಕೊರಿಯಾ ದೇಶವು ಅಮೆರಿಕದೊಡನೆ ಕೌಲು ಮಾಡಿಕೊಂಡಿತು. ಕೊರಿಯದ ಪರವಾಗಿ ಬಹುಪಾಲು ಮಾತುಕತೆ ನಡೆಸಿದವನು ಕೊರಿಯದವನಲ್ಲ. ಚೀನದ ಲಿ ಹುಂಗ್‌ಚಾಂಗ್. ತನ್ನ ಮಾತನ್ನು ತಾನೇ ಆಡಲಾರದ ರಾಜ್ಯದ ಪಾಡನ್ನು ಬಿಡಿಸಿ ಹೇಳಬೇಕೆ? ಮರುವರ್ಷವೇ ಸೋಲ್ ನಗರದಲ್ಲಿ ದುಭಾಷಿಗಳಿಗಾಗಿ ಇಂಗ್ಲಿಷ್ ಶಾಲೆಯೊಂದು ತೆರೆಯಿತು. 1886ರಲ್ಲಿ ದೊರೆ ಕೊಜೊಂಗನು ಕುಲೀನರ ಮಕ್ಕಳಿಗೂ ತರುಣ ಅಧಿಕಾರಿಗಳಿಗೂ ಇನ್ನೊಂದು ಶಾಲೆಯನ್ನು ಸ್ಥಾಪಿಸಿ, ಅಮೆರಿಕದಿಂದ ಮೂವರು ಉಪಾಧ್ಯಾಯರನ್ನು ಕರೆಸಿದನು. ಅವರಲ್ಲೊಬ್ಬನು ಹೋಮರ್ ಹಲ್ಬರ್ಟ್.

ಕೊರಿಯದವರಿಗೆ ಇಂಗ್ಲಿಷಿನ ತೊಡಕು ದೊಡ್ಡ ದೊಡ್ಡ ಶಬ್ದಗಳಲ್ಲಿದೆಯೆಂದು ನಾವು ಊಹಿಸುತ್ತೇವೆ. ದಿನಬಳಕೆಯ ‘ವೇರ್’ ಎಂಬ ಕ್ರಿಯಾಪದವನ್ನೇ ನೋಡಿ. ಕೊರಿಯನ್ ಭಾಷೆಯಲ್ಲಿ ಬಟ್ಟೆಗೆ ‘ಇಪ್ತಾ’, ಪಾದರಕ್ಷೆಗೆ ‘ಸಿನ್ತಾ’, ಟೋಪಿಗೆ ‘ಸ್ಸುದಾ’, ಉಂಗುರಕ್ಕೆ ‘ಕ್ಕಿದಾ’, ಸೊಂಟದ ಕತ್ತಿಗೆ ‘ಛಾದಾ’. ಇಂಗ್ಲಿಷಿನವನು ಇಷ್ಟನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾನೆ! ಕನ್ನಡಿಗರಿಗೆ ಈ ಪೇಚು ಹೊಸದಲ್ಲ. ನಾವು ಸೀರೆ ಉಡುತ್ತೇವೆ, ಕುಪ್ಪಸ ತೊಡುತ್ತೇವೆ, ಹೂ ಮುಡಿಯುತ್ತೇವೆ, ರುಮಾಲು ಸುತ್ತುತ್ತೇವೆ, ಜೋಡು ಮೆಟ್ಟುತ್ತೇವೆ. ಹೂವನ್ನು ಉಟ್ಟಳೆಂದರೆ ಮಗುವೂ ನಕ್ಕೀತು.

ಹಲವನ್ನು ಒಂದು ಮಾಡುವುದು ಹೇಗೋ ಅಭ್ಯಾಸವಾದೀತು. ನಿಜವಾದ ಬಿಕ್ಕಟ್ಟು ಬೇರೆಯೇ. ಕೊರಿಯನ್ನಿನ ‘ಇಪ್ಕೊ ಇತ್ತಾ’ ಎಂಬ ಒಂದೇ ರೂಪಕ್ಕೆ ‘ಉಟ್ಟುಕೊಳ್ಳುತ್ತಿದ್ದಾನೆ’ ಎಂದೂ ಅರ್ಥ, ‘ಉಟ್ಟಿದ್ದಾನೆ’ ಎಂದೂ ಅರ್ಥ. ಯಾವುದೆಂಬುದನ್ನು ಸಂದರ್ಭ ಹೇಳಬೇಕು. ಇಂಗ್ಲಿಷಿನ ‘ವೇರ್’ ಆದರೋ ಉಟ್ಟಿರುವ ಸ್ಥಿತಿಗೆ ಸಲ್ಲುವ ಮಾತು. ಉಡುವ ಕೆಲಸಕ್ಕೆ ‘ಪುಟ್ ಆನ್’ ಎನ್ನಬೇಕು. ಕನ್ನಡದ ಹುಡುಗನಿಗೆ ತಾಯ್ನುಡಿಯಲ್ಲೇ ದೊರೆತ ಈ ಭೇದವನ್ನು ಕೊರಿಯದ ಹುಡುಗ ಹೊಸದಾಗಿ ಸಂಪಾದಿಸಬೇಕು.

ದೊರೆಯ ಶಾಲೆ 1894ರಲ್ಲಿ ಮುಚ್ಚಿತು. ಹಲ್ಬರ್ಟನು ಮಾತ್ರ ಕೊರಿಯನ್ನರ ನುಡಿಯನ್ನು ಬಿಡಲಿಲ್ಲ. 1905ರಲ್ಲಿ ಅದನ್ನು ನಮ್ಮ ದ್ರಾವಿಡ ಭಾಷೆಗಳೊಡನೆ ಹೋಲಿಸಿ ಒಂದು ವ್ಯಾಕರಣವನ್ನೇ ಪ್ರಕಟಿಸಿದನು. ಇವೆರಡೂ ಒಂದೇ ಮನೆತನದವೆಂಬ ವಾದವನ್ನು ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ನಿಲ್ಲುವ ಹೋಲಿಕೆಯಂತೂ ಉಂಟು. ಅದೇ ವರ್ಷ ಕೊಜೊಂಗನ ಪತ್ರವನ್ನು ವಾಷಿಂಗ್ಟನ್ನಿಗೆ ಒಯ್ದವನೂ ಆತನೇ. ಜಪಾನಿನ ಹಿಡಿತದಿಂದ ಪಾರುಮಾಡಿರೆಂಬ ಆ ಮೊರೆಗೆ ಅಲ್ಲಿ ಯಾರೂ ಕಿವಿಗೊಡಲಿಲ್ಲ. 1910ರಲ್ಲಿ ಕೊರಿಯಾ ಜಪಾನಿನ ವಶವಾಯಿತು. 1945ರಲ್ಲಿ ಜಪಾನ್ ಸೋತ ಮೇಲೆ ದಕ್ಷಿಣಕ್ಕೆ ಬಂದ ಅಮೆರಿಕದ ಸೇನೆ, ತನ್ನ ಆಡಳಿತದ ಕಾಲಕ್ಕೆ ಇಂಗ್ಲಿಷೇ ಅಧಿಕೃತ ಭಾಷೆಯೆಂದು ಸಾರಿತು.

ಬಿದಿರು, ಕುದುರೆಕೂದಲುಗಳಿಂದ ಹೆಣೆದ ಹಳೆಯ ಟೋಪಿಗಳು ಈಗ ಅಲ್ಲಿನ ಬೀದಿಗಳಲ್ಲಿ ಅಪರೂಪ. ಅವುಗಳ ‘ಸ್ಸುದಾ’ ಕನ್ನಡಕಕ್ಕೆ ಸಲ್ಲುತ್ತಿದೆ, ಕತ್ತಿಯ ‘ಛಾದಾ’ ಕೈಗಡಿಯಾರಕ್ಕೆ.