ಆಲಿಕಲ್ಲು ಮಳೆಯಿಂದ ಮನೆಯ ಚಾವಣಿಗೆ ಆಗುವ ಹಾನಿ

ಆಲಿಕಲ್ಲು ಮಳೆಯಿಂದ ಮನೆಯ ಚಾವಣಿಗೆ ಆಗುವ ಹಾನಿಯು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಸಂಭವಿಸುತ್ತದೆ. ಮೊದಲನೆಯದು ಮಂಜುಗಡ್ಡೆಯ ಹೊಡೆತದಿಂದ ಹೆಂಚು, ಶೀಟು ಅಥವಾ ಗಾಜು ಒಡೆಯುವುದು. ಇದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎರಡನೆಯದು ಒಡೆದ ಜಾಗದಿಂದ ಮಳೆನೀರು ಒಳಗಿಳಿದು ಮರ, ಗೋಡೆ, ವಿದ್ಯುತ್ ತಂತಿ ಹಾಗೂ ಮನೆಯ ಸಾಮಾನುಗಳು ಕೆಡುವುದು. ಇದು ದಿನಗಟ್ಟಲೆ ಮುಂದುವರಿಯುತ್ತದೆ. ಮೊದಲ ಹಂತವನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಎರಡನೆಯದನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಅವಸರದಲ್ಲಿ ಒದ್ದೆ ಚಾವಣಿಯನ್ನು ಏರಿ ಬಿದ್ದು ಗಾಯಗೊಳ್ಳುವುದು ಆಲಿಕಲ್ಲಿಗಿಂತಲೂ ದೊಡ್ಡ ಅಪಾಯವಾದುದರಿಂದ, ಕೆಲಸಗಳ ಕ್ರಮವನ್ನು ತಿಳಿದಿರುವುದು ಅಗತ್ಯ.

ಆಲಿಕಲ್ಲಿನ ಸ್ವರೂಪ

ಆಲಿಕಲ್ಲನ್ನು ಕನ್ನಡದ ಕೆಲವು ಭಾಗಗಳಲ್ಲಿ ಆಣೆಕಲ್ಲು ಅಥವಾ ಆನೆಕಲ್ಲು ಎಂದೂ ಕರೆಯುತ್ತಾರೆ. ಕ್ಯುಮುಲೋನಿಂಬಸ್ ಎಂಬ ಎತ್ತರದ ಗುಡುಗು ಮೋಡಗಳಲ್ಲಿ ಮೇಲ್ಮುಖವಾಗಿ ನುಗ್ಗುವ ಗಾಳಿಯು ನೀರಿನ ಹನಿಗಳನ್ನು ಘನೀಭವಿಸುವ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಮಂಜಿನ ಕಣಗಳ ಮೇಲೆ ಅತಿಶೀತಲ ನೀರು ಪದರಪದರವಾಗಿ ಹೆಪ್ಪುಗಟ್ಟುತ್ತದೆ. ಗಾಳಿಯು ಹೊರಲಾರದಷ್ಟು ತೂಕ ಬಂದಾಗ ಕಲ್ಲು ನೆಲಕ್ಕೆ ಬೀಳುತ್ತದೆ. ಐದು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ವ್ಯಾಸವಿರುವ ಮಂಜುಗಡ್ಡೆಯನ್ನು ಹವಾಮಾನಶಾಸ್ತ್ರದಲ್ಲಿ ಆಲಿಕಲ್ಲೆಂದು ಗಣಿಸಲಾಗುತ್ತದೆ.

ಚಾವಣಿಯ ದೃಷ್ಟಿಯಿಂದ ಗಾತ್ರವೇ ಮುಖ್ಯ. ವ್ಯಾಸವು ಎರಡು ಪಟ್ಟಾದರೆ ತೂಕವು ಎಂಟು ಪಟ್ಟಾಗುತ್ತದೆ. ಬೀಳುವ ವೇಗವೂ ಹೆಚ್ಚುವುದರಿಂದ ಹೊಡೆತದ ಶಕ್ತಿಯು ಸುಮಾರು ಹದಿನಾರು ಪಟ್ಟಾಗುತ್ತದೆ. ಎರಡೂವರೆ ಸೆಂಟಿಮೀಟರಿನ ಕಲ್ಲು ಏಳೆಂಟು ಗ್ರಾಂ ತೂಗಿದರೆ, ಐದು ಸೆಂಟಿಮೀಟರಿನದು ಸುಮಾರು 60 ಗ್ರಾಂ ತೂಗುತ್ತದೆ. ಕಡಲೆಕಾಳಿನಷ್ಟು ದೊಡ್ಡ ಕಲ್ಲುಗಳು ಎಷ್ಟು ಸದ್ದು ಮಾಡಿದರೂ ಗಟ್ಟಿ ಹೆಂಚಿಗೆ ಏನೂ ಆಗದಿರುವುದಕ್ಕೂ, ನಿಂಬೆಹಣ್ಣಿನ ಗಾತ್ರದ ಕೆಲವೇ ಕಲ್ಲುಗಳು ಮಾಡನ್ನು ತೂತುಮಾಡುವುದಕ್ಕೂ ಇದೇ ಕಾರಣ.

ಕರ್ನಾಟಕದಲ್ಲಿ ಆಲಿಕಲ್ಲು ಹೆಚ್ಚಾಗಿ ಮುಂಗಾರುಪೂರ್ವ ಅವಧಿಯಾದ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೀಳುತ್ತದೆ. ರೈತರ ಲೆಕ್ಕದಲ್ಲಿ ಇದು ರೇವತಿ, ಅಶ್ವಿನಿ, ಭರಣಿ ಮಳೆಗಳ ಕಾಲ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಮಹಾರಾಷ್ಟ್ರದಲ್ಲಿ ವ್ಯಾಪಕವಾಗಿ ಸುರಿದ ಆಲಿಕಲ್ಲು ಮಳೆಯು ಉತ್ತರ ಕರ್ನಾಟಕದ ಭಾಗಗಳನ್ನೂ ಬಾಧಿಸಿತ್ತು.

ದಾಖಲಾದ ಕೆಲವು ಘಟನೆಗಳು

ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯ ಪ್ರಕಾರ ಅತಿ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಆಲಿಕಲ್ಲು ಮಳೆಯು 1888ರ ಏಪ್ರಿಲ್ 30ರಂದು ಉತ್ತರಪ್ರದೇಶದ ಮೊರಾದಾಬಾದ್ ಬಳಿ ಸುರಿಯಿತು. ಅದರಲ್ಲಿ 246 ಮಂದಿ ಮೃತಪಟ್ಟರು. ದಾಖಲಾದ ಅತಿ ಭಾರವಾದ ಆಲಿಕಲ್ಲು 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ ಬಿದ್ದಿತು. ಅದರ ತೂಕ 1.02 ಕಿಲೋಗ್ರಾಂ. 1999ರ ಏಪ್ರಿಲ್ 14ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಸುರಿದ ಆಲಿಕಲ್ಲಿನಿಂದ ಸಾವಿರಾರು ಮನೆಗಳ ಚಾವಣಿಗಳು ಒಡೆದವು. ಅಲ್ಲಿ ಮನೆಗಳ ಮೇಲೆ ತುರ್ತಾಗಿ ಟಾರ್ಪಾಲಿನ್ ಹೊದಿಸಬೇಕಾಯಿತು. ಪೂರ್ಣ ದುರಸ್ತಿಗೆ ಅನೇಕ ತಿಂಗಳುಗಳು ಹಿಡಿದವು.

ಚಾವಣಿಯ ಬಗೆಗೆ ತಕ್ಕಂತೆ ಹಾನಿ

ಮಂಗಳೂರು ಹೆಂಚು: ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಹೆಂಚು ಕರಾವಳಿ, ಮಲೆನಾಡು ಮಾತ್ರವಲ್ಲದೆ ಬಯಲುಸೀಮೆಗೂ ಹರಡಿತು. ದೊಡ್ಡ ಆಲಿಕಲ್ಲು ಬಿದ್ದಾಗ ಇದು ಹೋಳಾಗುತ್ತದೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಬೆಳಕಿಗಾಗಿ ನಡುನಡುವೆ ಹಾಕಿದ ಗಾಜಿನ ಹೆಂಚುಗಳು ಮೊದಲು ಒಡೆಯುವ ಸಂಭವವಿದೆ. ಕೈಯಿಂದ ಮಾಡಿದ ನಾಡಹೆಂಚು ತೆಳುವಾದುದರಿಂದ ಇನ್ನೂ ಸುಲಭವಾಗಿ ಒಡೆಯುತ್ತದೆ.

ಸಿಮೆಂಟ್ ಶೀಟು: ಕಲ್ನಾರು ಬೆರೆತ ಈ ಹಾಳೆಗಳು ಹಳೆಯದಾದಷ್ಟೂ ಪೆಡಸಾಗುತ್ತವೆ. ಹೊಡೆತದಿಂದ ತೂತು ಬೀಳುವುದಲ್ಲದೆ, ತೂತಿನ ಸುತ್ತ ಬಿರುಕುಗಳು ಹಬ್ಬಿರುತ್ತವೆ. ಇಂತಹ ಶೀಟು ಮನುಷ್ಯನ ಭಾರವನ್ನು ತಡೆಯುವುದಿಲ್ಲ.

ಲೋಹದ ತಗಡು: ತಗಡು ಸಾಮಾನ್ಯವಾಗಿ ತೂತಾಗದೆ ತಗ್ಗು ಬೀಳುತ್ತದೆ. ತಗ್ಗು ಬರಿಯ ನೋಟದ ದೋಷವಾಗಿರಬಹುದು. ಆದರೆ ಮೇಲಿನ ಬಣ್ಣ ಅಥವಾ ಸತುವಿನ ಲೇಪ ಬಿರಿದಿದ್ದರೆ ಮುಂದೆ ತುಕ್ಕು ಹಿಡಿಯುತ್ತದೆ. ಎರಡು ತಗಡುಗಳು ಕೂಡುವ ಅಂಚು ಮೇಲೆದ್ದಿದ್ದರೆ ಅಥವಾ ಬೋಲ್ಟಿನ ವಾಷರ್ ಸಡಿಲವಾಗಿದ್ದರೆ ನೀರು ಇಳಿಯುತ್ತದೆ.

ಪ್ಲಾಸ್ಟಿಕ್ ಮತ್ತು ಫೈಬರ್ ಶೀಟು: ವರ್ಷಗಳ ಬಿಸಿಲಿಗೆ ಒಡ್ಡಿಕೊಂಡ ಹಾಳೆಗಳು ಪೆಡಸಾಗಿ, ಸಣ್ಣ ಕಲ್ಲಿಗೂ ಸೀಳುತ್ತವೆ.

ಮಣ್ಣಿನ ಮಾಳಿಗೆ: ಉತ್ತರ ಕರ್ನಾಟಕದ ಹಳ್ಳಿಗಳಲ್ಲಿರುವ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಪದರವು ಹೊಡೆತವನ್ನು ನುಂಗಿಕೊಳ್ಳುತ್ತದೆ. ಇಲ್ಲಿಯ ಅಪಾಯ ಬೇರೆ. ಆಲಿಕಲ್ಲುಗಳು ರಾಶಿಯಾಗಿ ನೀರು ಹೊರಹೋಗುವ ದೋಣಿಯನ್ನು ಮುಚ್ಚಿದರೆ, ಕರಗಿದ ನೀರು ನಿಂತು ಮಣ್ಣು ನೆನೆದು ಜಂತೆಗಳ ಮೇಲೆ ಭಾರ ಹೆಚ್ಚುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಆಲಿಕಲ್ಲಿನ ರಾಶಿಯೇ ಒಂದು ಚದರ ಮೀಟರಿಗೆ ಸುಮಾರು 50 ಕಿಲೋಗ್ರಾಂ ಭಾರವಾಗುತ್ತದೆ.

ಕಾಂಕ್ರೀಟ್ ತಾರಸಿ: ಕಾಂಕ್ರೀಟಿಗೆ ಆಲಿಕಲ್ಲಿನಿಂದ ಹಾನಿಯಾಗುವುದು ವಿರಳ. ಆದರೆ ನೀರಿನ ಕೊಳವೆಯ ಬಾಯಿ ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಲ್ಲಬಹುದು; ಮೇಲಿರುವ ಸೋಲಾರ್ ಉಪಕರಣಗಳು ಒಡೆಯಬಹುದು.

ಮಳೆ ನಿಂತ ಕೂಡಲೇ ಮಾಡಬೇಕಾದುದು

ಆಲಿಕಲ್ಲು ಬೀಳುತ್ತಿರುವಾಗ ಗಾಜಿನ ಕಿಟಕಿ, ಬೆಳಕಿಂಡಿ ಹಾಗೂ ಶೀಟಿನ ಕೆಳಗಿನಿಂದ ದೂರ ಸರಿದು ಮನೆಯ ಗಟ್ಟಿಯಾದ ಭಾಗದಲ್ಲಿರಬೇಕು. ಗುಡುಗು ಸಂಪೂರ್ಣ ನಿಂತು ಅರ್ಧ ಗಂಟೆಯಾಗುವವರೆಗೆ ಅಂಗಳಕ್ಕೂ ಇಳಿಯಬಾರದು. ಸಿಡಿಲಿನ ಅಪಾಯ ಇನ್ನೂ ಇರುತ್ತದೆ.

ಆಮೇಲೆ ಮೊದಲು ನೋಡಬೇಕಾದುದು ಮಾಡನ್ನಲ್ಲ, ಮನೆಯ ಒಳಭಾಗವನ್ನು. ಫ್ಯಾನು, ದೀಪ ಅಥವಾ ಸ್ವಿಚ್ಚಿನ ಹಲಗೆಯ ಬಳಿ ನೀರು ಇಳಿಯುತ್ತಿದ್ದರೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಆ ಸ್ವಿಚ್ಚೇ ಒದ್ದೆಯಾಗಿದ್ದರೆ ಅಥವಾ ಅದರ ಕೆಳಗೆ ನೀರು ನಿಂತಿದ್ದರೆ ಮುಟ್ಟದೆ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಬೇಕು. ಧಾನ್ಯ, ಹಾಸಿಗೆ, ಪುಸ್ತಕ, ದಾಖಲೆಪತ್ರಗಳನ್ನು ಒಣ ಜಾಗಕ್ಕೆ ಸಾಗಿಸಬೇಕು. ಸೋರುವ ಕಡೆ ಪಾತ್ರೆಗಳನ್ನಿಟ್ಟು, ಸೋರಿದ ಜಾಗಗಳನ್ನು ಗುರುತು ಮಾಡಿಕೊಂಡರೆ ಮುಂದೆ ದುರಸ್ತಿಗೆ ಸಹಾಯವಾಗುತ್ತದೆ.

ತಪಾಸಣೆ

ಆಲಿಕಲ್ಲು ಗಾಳಿಯೊಡನೆ ಓರೆಯಾಗಿ ಬರುವುದರಿಂದ ಮಾಡಿನ ಒಂದು ಬದಿಗೆ ಹೆಚ್ಚು ಹಾನಿಯಾಗಿ ಇನ್ನೊಂದು ಬದಿ ಬಹುತೇಕ ಉಳಿದಿರಬಹುದು. ಗಾಳಿ ಯಾವ ಕಡೆಯಿಂದ ಬಂದಿತೆಂಬುದನ್ನು ಸೀಳಿದ ಬಾಳೆಎಲೆ, ಗೋಡೆಯ ಸುಣ್ಣದ ಮೇಲಿನ ಗುರುತು, ಕಿಟಕಿಯ ಚೌಕಟ್ಟು ಇವುಗಳಿಂದ ಊಹಿಸಬಹುದು. ತಪಾಸಣೆಯನ್ನು ಅಲ್ಲಿಂದ ಆರಂಭಿಸಬೇಕು.

ಹೊರಗಿನಿಂದ ನೆಲದ ಮೇಲೆ ನಿಂತೇ ನೋಡಬೇಕು. ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಅನಂತರ ಹಗಲಿನಲ್ಲಿ ಅಟ್ಟದಿಂದ ಅಥವಾ ಕೋಣೆಯಿಂದ ಮೇಲಕ್ಕೆ ನೋಡಬೇಕು. ಬೆಳಕಿನ ಚುಕ್ಕೆ ಅಥವಾ ಗೆರೆ ಕಂಡಲ್ಲಿ ನೀರಿಗೂ ದಾರಿಯಿದೆ. ಸಂಶಯ ಬಂದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹೆಂಚು ಗಣಗಣಿಸುತ್ತದೆ, ಬಿರುಕುಬಿಟ್ಟದ್ದು ಬೊದ್ದು ಸದ್ದು ಮಾಡುತ್ತದೆ.

ಸಿಮೆಂಟ್ ಶೀಟಿನ ಮೇಲೆ ಯಾವ ಕಾರಣಕ್ಕೂ ನೇರವಾಗಿ ಕಾಲಿಡಬಾರದು. ಬೋಲ್ಟುಗಳ ಸಾಲಿನಲ್ಲಿ ನಡೆದರೆ ಅಪಾಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಒಂದು ಹೆಜ್ಜೆ ತಪ್ಪಿದರೂ ಶೀಟು ಮುರಿದು ಬೀಳುವ ಸಂಭವವಿದೆ. ಏರಲೇಬೇಕಾದಾಗ ಹಲವು ತೊಲೆಗಳ ಮೇಲೆ ಭಾರ ಹಂಚುವಂತೆ ಉದ್ದನೆಯ ಹಲಗೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಕೆಳಗೊಬ್ಬರನ್ನು ನಿಲ್ಲಿಸಿಕೊಂಡು, ಅನುಭವಿ ಕೆಲಸಗಾರರೇ ಏರಬೇಕು. ಆಲಿಕಲ್ಲು ಪೂರ್ತಿ ಕರಗಿ ಮಾಡು ಒಣಗಿರಬೇಕು.

ಛಾಯಾಚಿತ್ರ ಮತ್ತು ದಾಖಲೆ

ದುರಸ್ತಿಗೆ ಮೊದಲು ದಾಖಲೆ ಮಾಡಿಕೊಳ್ಳಬೇಕು. ಮನೆಯ ಪೂರ್ಣ ಚಿತ್ರ, ಪ್ರತಿ ಒಡಕಿನ ಹತ್ತಿರದ ಚಿತ್ರ, ಒಳಗೆ ನೀರಿಳಿದ ಗೋಡೆ ಹಾಗೂ ಹಾಳಾದ ಸಾಮಾನುಗಳ ಚಿತ್ರ ತೆಗೆಯಬೇಕು. ಆಲಿಕಲ್ಲನ್ನು ನಾಣ್ಯ ಅಥವಾ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಗಾತ್ರಕ್ಕೆ ಸಾಕ್ಷಿಯಾಗುತ್ತದೆ. ಒಡೆದ ಹೆಂಚಿನ ಚೂರುಗಳನ್ನು ಪರಿಶೀಲನೆ ಮುಗಿಯುವವರೆಗೆ ಎಸೆಯಬಾರದು. ಟಾರ್ಪಾಲಿನ್, ಹೆಂಚು, ಕೂಲಿ ಇವುಗಳ ರಸೀದಿಗಳನ್ನು ಒಟ್ಟಿಗೆ ಇಡಬೇಕು.

ತಾತ್ಕಾಲಿಕ ಹೊದಿಕೆ

ಒಂದು ಆಲಿಕಲ್ಲು ಮಳೆಯ ಮರುದಿನ ಮಧ್ಯಾಹ್ನವೇ ಇನ್ನೊಂದು ಗುಡುಗುಮಳೆ ಬರುವುದು ಬೇಸಿಗೆಯಲ್ಲಿ ಅಪರೂಪವಲ್ಲ. ಆದುದರಿಂದ ಪೂರ್ಣ ದುರಸ್ತಿಗಾಗಿ ಕಾಯದೆ ತೂತುಗಳನ್ನು ಮುಚ್ಚಬೇಕು. ಟಾರ್ಪಾಲಿನ್ ಒಡೆದ ಜಾಗವನ್ನಷ್ಟೇ ಮುಚ್ಚಿದರೆ ಸಾಲದು. ಮೇಲಿನಿಂದ ಹರಿದುಬರುವ ನೀರು ಅದರ ಅಡಿಗೆ ನುಗ್ಗುತ್ತದೆ. ಅದು ಮಾಡಿನ ನೆತ್ತಿಯನ್ನು ದಾಟಿ ಇನ್ನೊಂದು ಬದಿಗೆ ಇಳಿದಿರಬೇಕು. ಅಕ್ಕಪಕ್ಕದಲ್ಲಿ ಒಡಕಿನಿಂದ ಸುಮಾರು ಒಂದು ಮೀಟರ್ ಹೆಚ್ಚಿರಬೇಕು. ಅಂಚನ್ನು ಮರದ ಪಟ್ಟಿಗೆ ಸುತ್ತಿ, ಹಗ್ಗದಿಂದ ತೊಲೆಗೆ ಅಥವಾ ಕಂಬಕ್ಕೆ ಬಿಗಿಯಬೇಕು. ಬಿಡಿ ಕಲ್ಲುಗಳನ್ನು ಹೇರಿದರೆ ಗಾಳಿಗೆ ಉರುಳಿ ಕೆಳಗಿರುವವರ ಮೇಲೆ ಬೀಳಬಹುದು. ಏರಲು ಸಾಧ್ಯವಿಲ್ಲದಾಗ ಒಳಗಿನಿಂದಲೇ ಟಾರ್ಪಾಲಿನನ್ನು ಓರೆಯಾಗಿ ಕಟ್ಟಿ, ನೀರು ಒಂದೇ ಕಡೆ ಬಕೆಟಿಗೆ ಇಳಿಯುವಂತೆ ಮಾಡಬಹುದು.

ಶಾಶ್ವತ ದುರಸ್ತಿ

ಮಂಗಳೂರು ಹೆಂಚಿನ ದೊಡ್ಡ ಅನುಕೂಲವೆಂದರೆ ಒಡೆದ ಹೆಂಚನ್ನು ಮಾತ್ರ ಬದಲಿಸಬಹುದು. ಅದು ರೀಪಿನ ಮೇಲೆ ತನ್ನ ಗುಬ್ಬಿಯಿಂದ ತೂಗಿಕೊಂಡಿರುತ್ತದೆ. ಕೆಳಗೆ ಹಲಗೆಯ ಮುಚ್ಚಿಗೆ ಇಲ್ಲದ ಮನೆಯಲ್ಲಿ ಒಳಗಿನಿಂದಲೇ ಮೇಲಿನ ಹೆಂಚನ್ನು ಎತ್ತಿ, ಒಡೆದುದನ್ನು ತೆಗೆದು, ಹೊಸದನ್ನು ಕೂಡಿಸಬಹುದು. ಬೇರೆಬೇರೆ ಕಾರ್ಖಾನೆಗಳ ಹೆಂಚುಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂಡದಿರಬಹುದು. ಆದ್ದರಿಂದ ಮನೆ ಕಟ್ಟುವಾಗಲೇ ಅದೇ ಅಚ್ಚಿನ ಕೆಲವು ಹೆಂಚುಗಳನ್ನು ತೆಗೆದಿಡುವುದು ಒಳ್ಳೆಯ ರೂಢಿ. ಹೆಂಚು ಬದಲಿಸುವಾಗ ನೆನೆದ ರೀಪು ಮತ್ತು ಪಕಾಸಿಗಳು ಕುಂಬಾಗಿವೆಯೇ ಎಂದು ನೋಡಬೇಕು.

ಸಿಮೆಂಟ್ ಶೀಟಿನ ಬಿರುಕಿಗೆ ತೇಪೆ ಹಾಕುವುದು ತಾತ್ಕಾಲಿಕ. ತೂತಾದ ಶೀಟನ್ನು ಬದಲಿಸುವುದೇ ಲೇಸು. ಕಲ್ನಾರಿನ ಎಲ್ಲ ಬಗೆಗಳನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಆದುದರಿಂದ ಚೂರುಗಳನ್ನು ನೀರಿನಿಂದ ತೋಯಿಸಿ ಎತ್ತಬೇಕು. ಒಣಗಿದ್ದಾಗ ಗುಡಿಸಬಾರದು, ಗರಗಸದಿಂದ ಕೊಯ್ಯಬಾರದು.

ಸೋಲಾರ್ ವಿದ್ಯುತ್ ಫಲಕದ ಗಾಜು ಬಿರಿದಿದ್ದರೂ ಬಿಸಿಲಿನಲ್ಲಿ ಅದು ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತದೆ. ತಂತ್ರಜ್ಞರಲ್ಲದೆ ಇತರರು ಮುಟ್ಟಬಾರದು. ಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 25 ಮಿಲಿಮೀಟರಿನ ಮಂಜಿನ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆಯಲಾಗುತ್ತದೆ. ಅದಕ್ಕಿಂತ ದೊಡ್ಡ ಕಲ್ಲಿಗೆ ಫಲಕ ಒಡೆದರೆ ಆಶ್ಚರ್ಯವಿಲ್ಲ. ಸೋಲಾರ್ ನೀರು ಕಾಯಿಸುವ ಸಾಧನದ ಗಾಜಿನ ನಳಿಕೆ ಒಡೆದರೆ ಬಿಸಿನೀರು ಸುರಿಯುತ್ತದೆ. ದೂರ ನಿಂತು, ಅದಕ್ಕೆ ಹೋಗುವ ತಣ್ಣೀರಿನ ವಾಲ್ವನ್ನು ಮುಚ್ಚಬೇಕು.

ಪರಿಹಾರ ಮತ್ತು ವಿಮೆ

ಆಲಿಕಲ್ಲು ಮಳೆಯು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ನೀಡಬಹುದಾದ ಅಧಿಸೂಚಿತ ವಿಪತ್ತುಗಳಲ್ಲಿ ಒಂದು. 2022–23ರಿಂದ 2025–26ರ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಮಾನದಂಡದಲ್ಲಿ ಪೂರ್ಣ ನಾಶವಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ, ಗುಡಿಸಲಿಗೆ 8,000 ರೂಪಾಯಿ, ಮನೆಗೆ ಹೊಂದಿದ ಕೊಟ್ಟಿಗೆಗೆ 3,000 ರೂಪಾಯಿ ಎಂದಿತ್ತು. ಭಾಗಶಃ ಹಾನಿಯೆಂದು ಪರಿಗಣಿಸಲು ಕನಿಷ್ಠ ಶೇ. 15ರಷ್ಟು ಹಾನಿಯಾಗಿರಬೇಕು. ಕೆಲವು ಹೆಂಚುಗಳಷ್ಟೇ ಒಡೆದ ಮನೆ ಈ ಮಿತಿಯನ್ನು ಮುಟ್ಟದಿರಬಹುದು. ಹೀಗಾಗಿ ಸಣ್ಣ ಹಾನಿಯ ಭಾರ ಬಹುಪಾಲು ಮನೆಯವರ ಮೇಲೆಯೇ ಬೀಳುತ್ತದೆ; ಅದು ದೊಡ್ಡದಾಗದಂತೆ ತಡೆಯುವುದರ ಮಹತ್ವವೂ ಇಲ್ಲಿಯೇ ಇದೆ.

ಹಾನಿಯಾದ ಕೂಡಲೇ ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಹಶೀಲ್ದಾರರ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು, ಸ್ಥಳ ಮಹಜರು ಮಾಡಿಸಿಕೊಳ್ಳಬೇಕು. ಮನೆಯ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿಡಬೇಕು.

ಖಾಸಗಿ ವಿಮೆಯ ವಿಷಯದಲ್ಲಿ, 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ನೀಡಬೇಕಾಗಿದೆ. ಇದು ಬಿರುಗಾಳಿ, ಚಂಡಮಾರುತ, ಪ್ರವಾಹ ಮೊದಲಾದ ನೈಸರ್ಗಿಕ ವಿಪತ್ತುಗಳಿಗೆ ರಕ್ಷಣೆ ಒದಗಿಸುತ್ತದೆ. ಆಲಿಕಲ್ಲಿನ ಹಾನಿಯನ್ನು ಯಾವ ವಿಧಿಯಡಿ ಕೋರಬೇಕೆಂಬುದನ್ನು ಪಾಲಿಸಿ ಪಡೆಯುವಾಗಲೇ ಕೇಳಿ ತಿಳಿದುಕೊಳ್ಳುವುದು ಒಳಿತು. ನಷ್ಟವನ್ನು ಕಂಪನಿಗೆ ತಡಮಾಡದೆ ತಿಳಿಸಬೇಕು. ತಾತ್ಕಾಲಿಕ ಹೊದಿಕೆ ಹಾಕಬಹುದು, ಆದರೆ ಸರ್ವೇಯರ್ ಪರಿಶೀಲಿಸುವ ಮುನ್ನ ಪೂರ್ಣ ದುರಸ್ತಿ ಮಾಡಿಸಬಾರದು.

ಮುನ್ನೆಚ್ಚರಿಕೆ

ಫೆಬ್ರವರಿಯಲ್ಲಿಯೇ ಬಿರುಕಿನ ಹೆಂಚುಗಳನ್ನು ಬದಲಿಸಿ, ಸಡಿಲ ಬೋಲ್ಟುಗಳನ್ನು ಬಿಗಿದು, ದೋಣಿ ಮತ್ತು ಕೊಳವೆಗಳನ್ನು ಶುಚಿಗೊಳಿಸಬೇಕು. ಒಂದು ಗಟ್ಟಿ ಟಾರ್ಪಾಲಿನ್, ಹಗ್ಗ, ಟಾರ್ಚು ಹಾಗೂ ಹತ್ತಿಪ್ಪತ್ತು ಹೆಂಚುಗಳು ಮನೆಯಲ್ಲಿದ್ದರೆ ಆಲಿಕಲ್ಲು ಬಿದ್ದ ಸಂಜೆ ಅಂಗಡಿಗೆ ಓಡುವ ಕಷ್ಟ ತಪ್ಪುತ್ತದೆ. ಮನೆಯ ಈಗಿನ ಸ್ಥಿತಿಯ ಕೆಲವು ಚಿತ್ರಗಳನ್ನು ತೆಗೆದಿಟ್ಟರೆ, ಹಾನಿಯು ಹಳೆಯದಲ್ಲ ಎಂದು ತೋರಿಸಲು ಅವು ನೆರವಾಗುತ್ತವೆ.